ಅತ್ತೆ ಮತ್ತು ಜಪಾನಿನ ಜೂಜುಕೋರರು

ನಮ್ಮತ್ತೆಯವರಿಗೆ ಜಪಾನಿನ ಭೂಗತ ಲೋಕದ ಜೊತೆ ನಂಟಿದೆ. ನಗಬೇಡಿ, ನಿಜ! ಮುಳಬಾಗಿಲಿನ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಿ. ಯಾವ ಗ್ಯಾಂಗಿನವನು ಯಾವ ಗ್ಯಾಂಗಿನವನಿಗೆ ಕೈಕೊಟ್ಟ, ಯಾವ ಜೂಜಿನ ಅಡ್ಡೆಯಲ್ಲಿ ಯಾರ ಅಂಗಿಯ ತೋಳಿನೊಳಗಿಂದ ಕದ್ದ ಬಿಲ್ಲೆ ಉದುರಿತು, ಯಾವ ದಾದಾ ಮೇಲೆ ನಗುತ್ತಾ ಒಳಗೆ ಬೆವರುತ್ತಾನೆ, ಎಲ್ಲವೂ ಅವರಿಗೆ ಗೊತ್ತು. ಗೊತ್ತಿಲ್ಲದಿರುವುದು ಒಂದೇ ಒಂದು. ಜಪಾನಿ ಭಾಷೆ!

ನೋಡಿದರೆ ಯಾರೂ ಅನುಮಾನ ಪಡುವ ಹಾಗಿಲ್ಲ. ಎಪ್ಪತ್ತು ದಾಟಿದ ಹೆಂಗಸು. ಹಣೆಯಲ್ಲಿ ಕಾಸಗಲ ಕುಂಕುಮ, ಮೂಗಿನ ಎರಡೂ ಬದಿಗೆ ಮೂಗುತಿ, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಆ ಕೈಗಳು ತೆಗೆಯುತ್ತಿದ್ದ ಬೀಗಗಳೆಲ್ಲ ತುಕ್ಕು ಹಿಡಿದು ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು, ಗೊಂಚಲು ಮಾತ್ರ ಗಲಗಲ ಎನ್ನುತ್ತಲೇ ಇದೆ. ಶನಿವಾರ ಒಪ್ಪೊತ್ತು. ಜಿರಲೆ ಕಂಡರೆ ಪೊರಕೆಯಿಂದ ಹೊಡೆಯದೆ, ಬಾಗಿಲಾಚೆಗೆ ತಳ್ಳಿ, "ಹೋಗು ತಾಯಿ, ಇನ್ನೊಂದ್ಸಲ ಬರಬೇಡ" ಎಂದು ಬೀಳ್ಕೊಡುವ ಕರುಣಾಮಯಿ. ಇಂಥವರು ಮಧ್ಯಾಹ್ನದ ಊಟ ಮುಗಿಸಿ, ಕಾಲು ಚಾಚಿ ಕುಳಿತು, ಟಿವಿಯಲ್ಲಿ ಒಬ್ಬ ಗೂಂಡಾ ಇನ್ನೊಬ್ಬನ ಕೊರಳ ಪಟ್ಟಿ ಹಿಡಿದ ಕೂಡಲೇ, "ಬಿಡಬೇಡ ಕಣೋ, ಹಾಕು ಇನ್ನೊಂದು!" ಎಂದು ಕೂಗುವುದನ್ನು ನೀವು ಕೇಳಬೇಕು.

ಇದಕ್ಕೆಲ್ಲ ಕಾರಣ ನನ್ನ ಮಗಳು. ಸಂಕ್ರಾಂತಿ ರಜೆಗೆಂದು ಬಂದವಳು ಟಿವಿಯ ಹಿಂದೆ ಒಂದು ಪೆನ್‌ಡ್ರೈವ್ ಸಿಕ್ಕಿಸಿ, ಅದನ್ನು ಅಲ್ಲೇ ಮರೆತು ಹಾಸ್ಟೆಲ್ಲಿಗೆ ಹೋದಳು. ಅದರೊಳಗೆ ಅವಳು ಹುಟ್ಟುವ ಮೊದಲೇ ತಯಾರಾದ ಒಂದು ಜಪಾನಿ ಸರಣಿ. ಕಾರ್ಟೂನ್ ಎಂದರೆ ಅವಳಿಗೆ ಕೋಪ ಬರುತ್ತದೆ, 'ಅನಿಮೆ' ಎನ್ನಬೇಕಂತೆ. ಆಗಲಿ, ಅನಿಮೆ! ಆದರೆ ಮಕ್ಕಳ ಅನಿಮೆಯಲ್ಲ. ಇಡೀ ಬಂದರಿನ ಊರೊಂದನ್ನು ಗೂಂಡಾಗಳ ಪಡೆ ಹಿಡಿದಿಟ್ಟುಕೊಂಡಿದೆ. ಒಬ್ಬ ಸಣಕಲು ಆಸಾಮಿ ಅವರ ಅಡ್ಡೆಗಳಿಗೆ ಒಂದೊಂದಾಗಿ ಹೋಗಿ, ಸಣ್ಣ ಸಣ್ಣ ಇಟ್ಟಿಗೆಯಂಥ ಬಿಲ್ಲೆಗಳ ಆಟದಲ್ಲಿ ಅವರನ್ನು ಸೋಲಿಸಬೇಕು. ಅಷ್ಟೇ ಕಥೆ. ಬಣ್ಣ ಮಾಸಿದೆ. ಎಲ್ಲರ ಮೂಗೂ ಸೌದೆ ಸೀಳುವಷ್ಟು ಚೂಪು. ಒಬ್ಬ ಒಂದು ಬಿಲ್ಲೆ ಎತ್ತಿ ಕೆಳಗಿಡುವಷ್ಟರಲ್ಲಿ ನಾನು ಬೇಳೆ ಬೇಯಿಸಿ, ಒಗ್ಗರಣೆ ಹಾಕಿ, ಕೈ ಒರೆಸಿಕೊಂಡು ಬಂದಿರುತ್ತೇನೆ. ಆಗಲೂ ಬಿಲ್ಲೆ ಗಾಳಿಯಲ್ಲೇ ಇರುತ್ತದೆ!

ಮೊದಲ ದಿನ ಅತ್ತೆ ರಿಮೋಟಿನಲ್ಲಿ ಭಕ್ತಿಗೀತೆ ಹುಡುಕುತ್ತಾ ಏನೋ ಒತ್ತಿದರು. ಪರದೆಯ ಮೇಲೆ ಒಬ್ಬ ಕೋಟುಧಾರಿ, ಯಜಮಾನನ ಎದುರು ಮಂಡಿಯೂರಿ, ಕೈಬೆರಳಿಗೆ ಬಟ್ಟೆ ಸುತ್ತಿಕೊಂಡು ಕುಳಿತಿದ್ದ. ಪಕ್ಕದಲ್ಲಿ ಚಾಕು. ನಾನು ಹೌಹಾರಿ ಓಡಿಬಂದೆ.

"ಅತ್ತೇ, ಆಫ್ ಮಾಡಿ! ಬೆರಳು ಕತ್ತರಿಸ್ಕೊಂಡಿದಾನೆ!"

"ಇರಮ್ಮಾ. ತಪ್ಪು ಮಾಡ್ದ, ತಾನೇ ಕತ್ತರಿಸ್ಕೊಂಡ. ನಮ್ಮ ಕಡೆ ಯಾವ ಲೀಡರ್ ಹಿಂಗೆ ಮಾಡ್ತಾನೆ, ಹೇಳು ನೋಡೋಣ?"

ನಾನು ಅಡುಗೆಮನೆಗೆ ವಾಪಸಾದೆ. ಸರಣಿ ಮುಂದುವರಿಯಿತು.

ಇನ್ನು ಭಾಷೆಯ ಸಮಸ್ಯೆ. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಓಡುತ್ತದೆ. ಅತ್ತೆಗೆ ಕನ್ನಡ ಓದಲು ಬರುತ್ತದೆ, ಅವರ ತವರು ಆಂಧ್ರದ ಗಡಿಯ ಬೈರಕೂರಿನ ಕಡೆಯಾದ್ದರಿಂದ ತೆಲುಗು ಅರಳು ಹುರಿದಂತೆ ಬರುತ್ತದೆ, ಇಂಗ್ಲಿಷ್ ಮಾತ್ರ ಬಾರದು. ಅದಕ್ಕೇನಂತೆ? ತಾವೇ ಕಥೆ ಕಟ್ಟಿಕೊಂಡರು! ಸಣಕಲು ನಾಯಕನಿಗೆ 'ಬಕ್ಕೋಡು' ಎಂದು ನಾಮಕರಣವಾಯಿತು. ತೆಲುಗಿನಲ್ಲಿ ಬಡಕಲ ಎಂದರ್ಥ. ಗೂಂಡಾಗಳ ಹಿರಿಯ ಯಜಮಾನ 'ಮಂಡಿ ಸಾಹುಕಾರ' ಆದ. ಅವನ ಎಡಬಲಕ್ಕೆ ನಿಲ್ಲುವ ಇಬ್ಬರು ದಾಂಡಿಗರಿಗೆ ನನ್ನ ಇಬ್ಬರು ತಮ್ಮಂದಿರ ಹೆಸರಿಟ್ಟರು. ಹೋಲಿಕೆ ಇದೆ ಎನ್ನುವುದನ್ನು ನಾನೂ ಒಪ್ಪುತ್ತೇನೆ, ಆದರೂ ಬೇರೆ ಹೆಸರು ಸಿಗಲಿಲ್ಲವೆ?

ಪಕ್ಕದ ಮನೆಯ ನಸೀಮಾ ಆಪಾ ದಿನವೂ ಊಟವಾದ ಮೇಲೆ ಬಂದು ಅತ್ತೆಯ ಜೊತೆ ಕೂರತೊಡಗಿದರು. ಅವರ ಯಜಮಾನರದು ಹಾಸಿಗೆ, ದಿಂಬು ಹೊಲಿಯುವ ಅಂಗಡಿ. ಆಪಾ ಬರುವಾಗ ಸೀರೆಯ ಮೇಲೆ ಯಾವಾಗಲೂ ಒಂದೆರಡು ಎಳೆ ಹತ್ತಿ. ಪ್ರಶ್ನೆ ಅವರದು, ಉತ್ತರ ಅತ್ತೆಯದು.

"ಅಬ್ ಕ್ಯಾ ಬೋಲ್ರಾ ಅಕ್ಕಾ, ಆ ಬುಡ್ಡಾ?"

"ಏನಂತಾನೆ? 'ಲೋ ಬಕ್ಕೋಡೂ, ನಿಮ್ಮಪ್ಪ ನಮ್ಮನೇಲಿ ಉಂಡು ಬೆಳೆದೋನು, ನೀನು ನನ್ನೆದುರಿಗೆ ಕೂತು ಆಡ್ತೀಯಾ' ಅಂತಾನೆ."

"ಹಾಯ್ ಅಲ್ಲಾ! ಇವ್ನು ಏನಂದ?"

"ಇವ್ನು ಏನೂ ಅನ್ನಲ್ಲ. ಸುಮ್ನೆ ನೋಡ್ತಾನೆ. ಅದೇ ಅವನ ಮಜಾ."

ನಾನೊಮ್ಮೆ ಕೆಳಗಿನ ಇಂಗ್ಲಿಷ್ ಓದಿದೆ. ಮುದುಕ ನಿಜವಾಗಿ ಹೇಳುತ್ತಿದ್ದದ್ದು, 'ಕಿಟಕಿ ಹಾಕು, ಚಳಿಯಾಗುತ್ತಿದೆ' ಎಂದು. ಅತ್ತೆಯ ಕಥೆಯೇ ಚೆನ್ನಾಗಿದೆ ಅನ್ನಿಸಿ ಬಾಯಿ ಮುಚ್ಚಿಕೊಂಡೆ.

ಈಗ ನಮ್ಮ ಮಾವನವರ ವಿಷಯ ಹೇಳಬೇಕು. ಏಕೆಂದರೆ ಇಷ್ಟೆಲ್ಲ ನಡೆಯುವಾಗ ಅವರು ಅದೇ ಹಾಲಿನಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕುಳಿತಿರುತ್ತಿದ್ದರು. ಹೈಸ್ಕೂಲಿನ ಗಣಿತದ ಮೇಷ್ಟ್ರು, ಆಮೇಲೆ ಹೆಡ್‌ಮಾಸ್ಟರು. ಮಾಲೂರು, ಶ್ರೀನಿವಾಸಪುರ, ಮುಳಬಾಗಿಲು ಎಲ್ಲ ಕಡೆ ಪಾಠ ಹೇಳಿದವರು. ಪೇಟೆಯಲ್ಲಿ ಅವರು ನಡೆದು ಬಂದರೆ ನರೆತ ತಲೆಯ ಅಂಗಡಿಯವರೂ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಅವರಿಗೆ ಇಸ್ಪೀಟೆಂದರೆ ಆಗದು. ನೆಂಟರ ಮದುವೆಗಳಲ್ಲಿ ಗಂಡಸರು ಛತ್ರದ ಮೂಲೆಯಲ್ಲಿ ಜಮಖಾನ ಹಾಸಿ ಎಲೆ ಹಂಚುತ್ತಿದ್ದಾಗ ಯಾರಾದರೂ "ಹೆಡ್‌ಮಾಸ್ಟ್ರು ಬಂದ್ರು!" ಎಂದರೆ ಸಾಕು, ಜಮಖಾನದ ಮೇಲೆ ಎಲೆಗಳ ಬದಲು ಹರಟೆ ಮಾತ್ರ ಉಳಿಯುತ್ತಿತ್ತು. ನನ್ನ ಮೈದುನ ಒಮ್ಮೆ ಅವಸರದಲ್ಲಿ ಎಲೆಗಳ ಮೇಲೆ ಕುಳಿತು, ಎದ್ದು ನಮಸ್ಕಾರ ಮಾಡುವಾಗ ಪಂಚೆಗೆ ಅಂಟಿಕೊಂಡ ಆಟೀನ್ ರಾಣಿಯ ಸಮೇತ ಬಾಗಿದ್ದು ನಮ್ಮ ವಂಶದ ಇತಿಹಾಸದಲ್ಲಿ ಸೇರಿಹೋಗಿದೆ.

ಅಂಥವರಿಗೆ ಹಿಂದಿನ ದಸರಾ ಹೊತ್ತಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ, ಬಲಗಾಲು ಹೋದವು. ಕಾಲು ಅಷ್ಟಿಷ್ಟು ವಾಪಸು ಬಂತು. ಮಾತು ಬರಲಿಲ್ಲ. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಅವರು ಹೇಳಬೇಕೆಂದದ್ದು ಮಾತ್ರ ಗಂಟಲಿನಿಂದ ಮೇಲೆ ಏರುತ್ತಿರಲಿಲ್ಲ. ಕೋಲಾರದ ಆಸ್ಪತ್ರೆಯಿಂದ ಮಾತು ಕಲಿಸುವ ಒಬ್ಬ ತರುಣಿ ಬರುತ್ತಿದ್ದಳು. ಒಳ್ಳೆಯ ಹುಡುಗಿ, ತಾಳ್ಮೆಯವಳು. ದಪ್ಪ ಕಾಗದದ ಮೇಲೆ ಚಿತ್ರ ತೋರಿಸಿ, "ತಾತಾ, ಇದೇನು ಹೇಳಿ? ಆ... ಆ... ಆನೆ!" ಎನ್ನುತ್ತಿದ್ದಳು. ಊರಿನ ಅರ್ಧ ಜನಕ್ಕೆ ಬೀಜಗಣಿತ ಕಲಿಸಿದ ಮನುಷ್ಯ ಆ ಆನೆಯನ್ನು ನೋಡಿದರು. ಹುಡುಗಿಯನ್ನು ನೋಡಿದರು. ಕತ್ತು ತಿರುಗಿಸಿ ಗೋಡೆ ನೋಡುತ್ತಾ ಕುಳಿತರು. ಮತ್ತೆ ಆ ಚಿತ್ರಗಳ ಕಡೆ ತಿರುಗಲೇ ಇಲ್ಲ. "ಅವರೇ ಪ್ರಯತ್ನ ಪಡದಿದ್ರೆ ನಾವೇನೂ ಮಾಡೋಕಾಗಲ್ಲ. ತಡವಾದಷ್ಟೂ ಕಷ್ಟ" ಎಂದು ಹುಡುಗಿ ಬೇಸರದಿಂದ ಹೇಳಿಹೋದಳು. ಬಳಗದವರು ನೋಡಲು ಬಂದರೆ ಮಾವನವರು ಕಣ್ಣು ಮುಚ್ಚಿ ನಿದ್ದೆಯ ನಟನೆ ಮಾಡುತ್ತಿದ್ದರು. ಬಂದವರು ಅವರೆದುರಿಗೇ, "ಪಾಪ, ಹೆಂಗಿದ್ದ ಮೇಷ್ಟ್ರು" ಎಂದು ಅವರ ಬಗ್ಗೆ ನಮ್ಮ ಹತ್ತಿರ ಮಾತಾಡಿ, ಕಾಫಿ ಕುಡಿದು ಹೋಗುತ್ತಿದ್ದರು. ಬರುಬರುತ್ತಾ ನಾವೂ ಅವರ ಜೊತೆ ಮಾತು ಕಡಿಮೆ ಮಾಡಿದೆವು. ಉತ್ತರ ಬರದ ಕಡೆಗೆ ಎಷ್ಟೆಂದು ಮಾತಾಡುವುದು?

ಅತ್ತೆ ಒಬ್ಬರೇ ಮಾತು ನಿಲ್ಲಿಸಲಿಲ್ಲ. ಆದರೆ ಅವರು ಮಾತಾಡುತ್ತಿದ್ದದ್ದು ಬಹುಪಾಲು ಬಕ್ಕೋಡಿನ ಬಗ್ಗೆ! ಹೆಡ್‌ಮಾಸ್ಟರ ಮನೆಯ ನಡುಹಾಲಿನಲ್ಲಿ ಜೂಜು, ಸಿಗರೇಟು, ಗೂಂಡಾಗಿರಿ. ಮಾವನವರ ಕಣ್ಣಿನಲ್ಲಿ ಬೆಂಕಿ. "ಆಫ್ ಮಾಡು" ಎನ್ನಲು ಬಾಯಿಲ್ಲ. ನಮ್ಮವರು ಒಂದು ದಿನ, "ಅಮ್ಮಾ, ಅಪ್ಪನಿಗೆ ಹಿಂಸೆ ಆಗುತ್ತೆ, ಬೇರೇನಾದ್ರೂ ನೋಡು" ಎಂದರು.

"ಬೇಡ ಅಂದ್ರೆ ಅವರೇ ಹೇಳ್ಲಿ. ನಿಲ್ಲಿಸ್ತೀನಿ" ಎಂದರು ಅತ್ತೆ. ಎಂಥ ಕಲ್ಲು ಮನಸ್ಸಿನ ಹೆಂಗಸು ಎಂದು ನನಗೂ ಕ್ಷಣಕಾಲ ಅನ್ನಿಸಿತು.

ಬಕ್ಕೋಡಿನ ಪ್ರಭಾವ ಟಿವಿಯಿಂದ ಇಳಿದು ಮನೆಯೊಳಗೆ ಓಡಾಡತೊಡಗಿದ್ದು ಮಾವು ಹೂ ಬಿಡುವ ಕಾಲದಲ್ಲಿ. ಬೈರಕೂರಿನ ಹತ್ತಿರ ಅತ್ತೆಯ ಪಾಲಿಗೆ ಬಂದ ಒಂದು ಸಣ್ಣ ಮಾವಿನ ತೋಪಿದೆ. ಪ್ರತಿವರ್ಷ ಶ್ರೀನಿವಾಸಪುರದ ವ್ಯಾಪಾರಿಯೊಬ್ಬ ಬಂದು ಮರದ ಮೇಲಿನ ಫಸಲಿಗೆ ದರ ಮಾತಾಡುತ್ತಿದ್ದ. ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು ದರ ಹೇಳುವ ಹಳೆಯ ಕ್ರಮ. ಆ ಕೆಲಸ ಯಾವಾಗಲೂ ಮಾವನವರದು. ಈ ಸಲ ಅತ್ತೆ, "ನಾನೇ ಬರ್ತೀನಿ" ಎಂದು ಹೊರಟರು. ವ್ಯಾಪಾರಿ ಟವೆಲು ಹಾಸಿದ. ಅತ್ತೆ ಕೈಕಟ್ಟಿ ಕುಳಿತರು. ಪರಗಂಡಸಿನ ಬೆರಳು ಹಿಡಿಯುವುದುಂಟೆ? ಸುಮ್ಮನೆ ಅವನ ಮುಖ ನೋಡಿದರು. ಅವನೊಂದು ದರ ಹೇಳಿದ. ಇವರು ನೋಡಿದರು. ಅವನು ಮರಗಳನ್ನು ಹಳಿದ, ಮಳೆಯನ್ನು ಹಳಿದ, ಇವರು ನೋಡುತ್ತಲೇ ಇದ್ದರು. ತುಟಿಯ ತುದಿಯಲ್ಲಿ ಒಂದು ಸಣ್ಣ ನಗೆ, ಥೇಟು ಬಕ್ಕೋಡಿನದು! ವ್ಯಾಪಾರಿ ಬೆವರು ಒರೆಸಿಕೊಂಡು ತಾನೇ ದರ ಏರಿಸಿದ. ಮತ್ತೆ ಏರಿಸಿದ. ಕೊನೆಗೆ ನಮ್ಮವರ ಕಿವಿಯಲ್ಲಿ, "ಸಾಮೀ, ಮುಂದ್ಲ ವರ್ಷ ಮೇಷ್ಟ್ರುನ್ನೇ ಕರ್ಕೊಂಡ್ ಬನ್ನಿ. ಮಾತು ಬರ್ದಿದ್ರೂ ಪರವಾಗಿಲ್ಲ. ಈ ಅಮ್ಮನ ಮುಂದೆ ಮಾತ್ರ ಆಗಕ್ಕಿಲ್ಲ" ಎಂದನಂತೆ.

ಆಮೇಲೆ ನಮ್ಮ ನಾದಿನಿಯ ಮಗಳನ್ನು ನೋಡಲು ಗಂಡಿನವರು ಬಂದರು. ನಮ್ಮ ನಡುಮನೆ ದೊಡ್ಡದೆಂದು ಇಲ್ಲೇ ಏರ್ಪಾಡಾಗಿತ್ತು. ಮಾಲೂರಿನ ಹುಡುಗ, ಒಳ್ಳೆಯ ಕೆಲಸ, ನುಣ್ಣಗೆ ಬಾಚಿದ ತಲೆ. ಉಪ್ಪಿಟ್ಟು, ಕೇಸರಿಭಾತು ಕೊಟ್ಟೆವು. ಎಲ್ಲರೂ ನಗುನಗುತ್ತಾ ಮಾತಾಡುತ್ತಿದ್ದರೆ ಎದುರಿಗೆ ಕುಳಿತ ಅತ್ತೆ ಮಾತ್ರ ಹುಡುಗನ ಕಡೆ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹುಡುಗ ಕೇಸರಿಭಾತನ್ನು ಚಮಚದಲ್ಲಿ ಎಡಕ್ಕೆ ತಳ್ಳಿದ, ಬಲಕ್ಕೆ ತಳ್ಳಿದ. ಇದ್ದಕ್ಕಿದ್ದಂತೆ ತಟ್ಟೆ ಕೆಳಗಿಟ್ಟು, "ಅಜ್ಜೀ, ದಯವಿಟ್ಟು ಹಂಗೆ ನೋಡಬೇಡಿ. ಹೇಳಿಬಿಡ್ತೀನಿ. ಶಿವಾರಪಟ್ಟಣದಲ್ಲಿ ಒಂದು ಹುಡುಗಿ ಇದಾಳೆ. ನಮ್ಮಪ್ಪ ಒಪ್ತಿಲ್ಲ" ಎಂದುಬಿಟ್ಟ! ಹಾಲಿನಲ್ಲಿ ಎಂಥ ಗದ್ದಲ ಎದ್ದಿತೆಂದು ನಾನು ಹೇಳಬೇಕಾಗಿಲ್ಲ. ಒಳಗೆ ಅಲಂಕಾರ ಮಾಡಿಕೊಂಡು ಕುಳಿತಿದ್ದ ನಮ್ಮ ಹುಡುಗಿ ಮಾತ್ರ, "ಸದ್ಯ!" ಎಂದು ಬಳೆ ಬಿಚ್ಚಿದಳು. ಅವಳಿಗೂ ಇಷ್ಟವಿರಲಿಲ್ಲವಂತೆ. ಕೆಲವು ತಿಂಗಳ ಮೇಲೆ ಆ ಹುಡುಗ ತನ್ನ ಶಿವಾರಪಟ್ಟಣದ ಹೆಂಡತಿಯ ಜೊತೆ ಬಂದು, ಶಿಲ್ಪಿಯಾದ ಅವಳಪ್ಪ ಕೈಯಾರೆ ಕೆತ್ತಿದ ಅಂಗೈಯಗಲದ ಕಲ್ಲಿನ ಗಣಪನನ್ನು ಅತ್ತೆಗೆ ಕೊಟ್ಟು ಕಾಲಿಗೆ ಬಿದ್ದ.

ಅವರು ಹೋದ ಮೇಲೆ ನಾನು ಕೇಳಿದೆ. "ಅವತ್ತು ಅವನ ಮುಖದಲ್ಲಿ ಏನು ಕಂಡ್ರಿ ಅತ್ತೆ?"

"ಮುಖ ಯಾರು ನೋಡಿದ್ರಮ್ಮಾ? ಅವನ ತಲೆ ಹಿಂದೆ ಗಡಿಯಾರ ಇತ್ತಲ್ಲ. ನಸೀಮಾ ಬರೋ ಹೊತ್ತಾಯ್ತು, ಇವ್ರು ಯಾವಾಗ ಎದ್ದು ಹೋಗ್ತಾರೋ ಅಂತ ನೋಡ್ತಿದ್ದೆ!"

ಹೀಗೆ ನಗುತ್ತಾ ನಡೆಯುತ್ತಿದ್ದ ಸಂಸಾರಕ್ಕೆ ಒಂದು ದಿನ ನಿಜವಾದ ಸಿಡಿಲು ಬಡಿಯಿತು. ಅತ್ತೆ ಪೇಟೆಯಿಂದ ಒಂದು ಕಟ್ಟು ಇಸ್ಪೀಟೆಲೆ ತಂದರು. ಹೆಡ್‌ಮಾಸ್ಟರ ಮನೆಗೆ ಇಸ್ಪೀಟು! ಮಾವನವರ ಕುರ್ಚಿಯ ಮುಂದೆ ಟೀಪಾಯಿ ಎಳೆದು, ಮೇಲೊಂದು ಟವೆಲು ಹಾಸಿ, ಎದುರಿಗೆ ಕುಳಿತರು. ಕಟ್ಟು ಬಿಚ್ಚಿ ಎರಡು ಭಾಗ ಮಾಡಿ, ಹೆಬ್ಬೆರಳಿನಲ್ಲಿ ಬಾಗಿಸಿ ಬಿಟ್ಟರು ನೋಡಿ, 'ಫರ್‍ರ್' ಎಂದು ಎಲೆಗಳು ಒಂದರೊಳಗೊಂದು ಕೂಡಿಕೊಂಡವು. ನಮ್ಮವರು ಬಾಯಿ ಬಿಟ್ಟುಕೊಂಡು ನಿಂತರು.

"ಅಮ್ಮಾ, ಇದೆಲ್ಲಿ ಕಲಿತೆ?"

"ಮಾವಿನ ತೋಪು ಕಾಯೋಕೆ ನಮ್ಮಣ್ಣಂದಿರ ಜೊತೆ ಹೋಗ್ತಿದ್ದೆ. ಅಲ್ಲಿ ಕೋತಿ ಓಡ್ಸೋದು ಬಿಟ್ರೆ ಇನ್ನೇನು ಕೆಲಸ? ಮದುವೆ ಆದ್ಮೇಲೆ ಮುಟ್ಟಲಿಲ್ಲ. ಇವ್ರಿಗೆ ಆಗಲ್ಲ ಅಂತ."

ಇಷ್ಟು ವರ್ಷ ಜೊತೆಗಿದ್ದ ಮಗನಿಗೂ ಗೊತ್ತಿಲ್ಲದ ಸುದ್ದಿ! ಮಾವನವರಿಗೂ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಅವರ ಹುಬ್ಬು ಹಣೆಯ ಮೇಲಕ್ಕೆ ಹೋಗಿ ಕುಳಿತಿತ್ತು. ಆಮೇಲೆ ನೆನಪಾದವರಂತೆ ಮುಖ ಗೋಡೆಗೆ ತಿರುಗಿಸಿದರು.

ಅತ್ತೆ ಬಿಡಲಿಲ್ಲ. ರಮ್ಮಿಗೆಂದು ಅವರಿಗೂ ಎಲೆ ಹಂಚಿ, ಅವರ ಎಲೆಯನ್ನೂ ತಾವೇ ಆಡತೊಡಗಿದರು. ಸರಣಿಯಲ್ಲಿ ಆಟಗಾರರು ಬಾಯಿ ಮುಚ್ಚಿಕೊಂಡಿದ್ದರೂ ಅವರ ಮನಸ್ಸಿನ ಮಾತು ನಮಗೆ ಕೇಳಿಸುತ್ತದೆ. ಅದೇ ಧಾಟಿಯಲ್ಲಿ ಅತ್ತೆ ಗಂಡನ ಮನಸ್ಸಿನ ಮಾತನ್ನು ಗಂಡನದೇ ದಪ್ಪ ದನಿಯಲ್ಲಿ ಹೇಳುತ್ತಿದ್ದರು. "ಛೀ, ಈ ಮೂರ್ಖಳಿಗೆ ಲೆಕ್ಕ ಬರಲ್ಲ. ನನ್ನ ಕೈಲಿ ಎಂಥಾ ರಾಜ ಇದಾನೆ! ಇರ್ಲಿ, ಇವನನ್ನೇ ಎಸೀತೀನಿ." ಎಂದವರೇ ರಾಜನನ್ನು ಎಸೆದುಬಿಟ್ಟರು. ಪಕ್ಕದಲ್ಲೇ ಅದೇ ಬಣ್ಣದ ರಾಣಿ, ಗುಲಾಮ ಇಬ್ಬರೂ ಇದ್ದರು! ನಸೀಮಾ ಆಪಾ, "ಅಕ್ಕಾ, ಮೂರೂ ಸೇರ್ತಾವಲ್ಲಾ" ಎನ್ನಲು ಹೋದರೆ ಅತ್ತೆ ಅವರ ತೊಡೆ ಚಿವುಟಿದರು.

ದಿನವೂ ಇದೇ. ಅತ್ತೆ ಗಂಡನ ಪಾಲಿನ ಎಲೆಗಳನ್ನು ಎಷ್ಟು ಕೆಟ್ಟದಾಗಿ ಆಡುತ್ತಿದ್ದರೆಂದರೆ, ನೋಡುವ ನನಗೇ ಮೈ ಉರಿಯುತ್ತಿತ್ತು. ಮಾವನವರು ಗೋಡೆಯಿಂದ ಓರೆಗಣ್ಣಿಗೆ ಬಂದರು, ಓರೆಗಣ್ಣಿನಿಂದ ಅರ್ಧ ಕತ್ತಿಗೆ ಬಂದರು. ಒಂದು ಮಧ್ಯಾಹ್ನ ಅತ್ತೆ ಅವರ ಕೈಯ ಜೋಕರನ್ನೇ ಎಸೆಯಲು ಎತ್ತಿದಾಗ, ಎಡಗೈಯೊಂದು ಚಕ್ಕನೆ ಬಂದು ಅತ್ತೆಯ ಮಣಿಕಟ್ಟನ್ನು ಹಿಡಿಯಿತು. ಜೋಕರನ್ನು ಕಿತ್ತುಕೊಂಡಿತು. ಬೇರೊಂದು ಎಲೆಯನ್ನು ತೋರುಬೆರಳಿನಿಂದ ಮುಂದೆ ತಳ್ಳಿತು. ಗಣಿತದ ಮೇಷ್ಟ್ರು ಕಣ್ಣೆದುರಿಗೆ ತಪ್ಪು ಲೆಕ್ಕವನ್ನು ಎಷ್ಟು ದಿನ ತಾನೇ ಸಹಿಸಿಯಾರು?

ಅಲ್ಲಿಂದ ಆಟ ಖಾಯಂ ಆಯಿತು. ಅಕ್ಕಿ ತುಂಬಿದ ಪಾವಿನಲ್ಲಿ ಎಲೆ ಸಿಕ್ಕಿಸಿಕೊಂಡು ಮಾವನವರು ಎಡಗೈಯಲ್ಲೇ ಆಡುತ್ತಿದ್ದರು. ಮೂರನೆಯ ಕೈ ನಸೀಮಾ ಆಪಾ. ಪಣಕ್ಕೆ ಹುಣಸೆ ಬೀಜ. ಹಾಲಿನಲ್ಲಿ ಮತ್ತೆ ಸದ್ದು ಬಂತು. ಮಾತು ಮಾತ್ರ ಇಲ್ಲ.

ಇಷ್ಟಕ್ಕೆ ನಮಗೆಲ್ಲ ಸಂತೋಷವಾಗಿತ್ತು. ಅತ್ತೆಗೆ ಸಾಲದು. ಸರಣಿಯ ಕೊನೆಯ ಕಂತುಗಳಲ್ಲಿ ಬಕ್ಕೋಡು ಮಂಡಿ ಸಾಹುಕಾರನ ಎದುರು ಕೂರುತ್ತಾನೆ. ಸಾಹುಕಾರ ಕಲ್ಲಿನಂತೆ ಕುಳಿತಿದ್ದಾನೆ, ತುಟಿ ಬಿಚ್ಚುವುದಿಲ್ಲ. ಅತ್ತೆಯ ಪ್ರಕಾರ ಬಕ್ಕೋಡು ಆಗ ಬೇಕೆಂದೇ, ಸಾಹುಕಾರನಿಗೆ ಕಾಣುವ ಹಾಗೆ, ನಾಚಿಕೆಯಿಲ್ಲದೆ ಮೋಸ ಮಾಡುತ್ತಾನೆ. ಮುದುಕ ಸಿಟ್ಟು ತಡೆಯಲಾರದೆ ಬಾಯಿ ಬಿಡುತ್ತಾನೆ. ಆ ಕಂತನ್ನು ಅತ್ತೆ ಮತ್ತೆ ಮತ್ತೆ ಹಾಕಿ ನೋಡಿದರು. ಮರುದಿನದಿಂದ ನಮ್ಮ ಮನೆಯಲ್ಲಿ ಮೋಸದ ಪರ್ವ ಆರಂಭವಾಯಿತು!

ಅಬ್ಬಬ್ಬಾ, ಎಂಥ ಮೋಸ! ಎಲೆಯನ್ನು ಸೀರೆಯ ನೆರಿಗೆಯೊಳಗೆ ಇಡುವುದು, ಎಲೆಅಡಿಕೆ ಡಬ್ಬಿಯಲ್ಲಿ ಇಡುವುದು, ಕೆಮ್ಮಿದ ಹಾಗೆ ಮಾಡಿ ಆಪಾ ಕೈಯ ಎಲೆ ಇಣುಕಿ ನೋಡುವುದು. ಮಾವನವರಿಗೆ ಕಾಣುವ ಹಾಗೆಯೇ ಮಾಡುವುದು, ಆಮೇಲೆ ಹಾಲು ಕುಡಿಯುವ ಮಗುವಿನಂತೆ ನೋಡುವುದು. ಜೀವನದಲ್ಲಿ ಯಾವ ಹುಡುಗನಿಗೂ ಕಾಪಿ ಹೊಡೆಯಲು ಬಿಡದ ಮನುಷ್ಯನ ಕಣ್ಣೆದುರಿಗೆ! ಮಾವನವರ ಮುಖ ಕೆಂಪಾಗುತ್ತಿತ್ತು. ಎಡಗೈಯಿಂದ ಟೀಪಾಯಿ ಕುಟ್ಟುತ್ತಿದ್ದರು. ಗಂಟಲಲ್ಲಿ "ಕ್... ಕ್..." ಎಂದು ಏನೋ ಸಿಕ್ಕಿಕೊಳ್ಳುತ್ತಿತ್ತು. ನಮ್ಮವರು ಹೆದರಿ, "ಅಮ್ಮಾ, ಬಿಪಿ ಏರುತ್ತೆ, ನಿಲ್ಲಿಸು" ಎಂದು ಗದರಿದರು. ಅತ್ತೆ ಕೋಲಾರದ ಡಾಕ್ಟರಿಗೆ ಫೋನು ಮಾಡಿಸಿ, ಬಿಪಿ ನೋಡಿಸಿ, "ಆಟ ಆಡಿದ್ರೆ ತೊಂದರೆ ಇಲ್ಲ" ಎಂದು ಅವರ ಬಾಯಲ್ಲೇ ಹೇಳಿಸಿದರು. ಮೋಸದ ವಿಷಯ ಡಾಕ್ಟರಿಗೆ ತಿಳಿಸಲಿಲ್ಲ, ಅಷ್ಟೆ.

ಆ ದಿನ ನಾನು ಅಡುಗೆಮನೆಯಲ್ಲಿ ಸಾರಿನ ಪುಡಿಗೆ ಧನಿಯ ಹುರಿಯುತ್ತಿದ್ದೆ. ಹಾಲಿನಿಂದ ಒಂದು ಗಂಡು ದನಿ ಬಂತು. ಒರಟಾಗಿ, ಒಡೆದು, ಆದರೆ ಸ್ಪಷ್ಟವಾಗಿ.

"ಕಳ್ಳಿ!"

ಟಿವಿ ಆಫ್ ಆಗಿತ್ತು. ನಮ್ಮವರು ಕೆಲಸಕ್ಕೆ ಹೋಗಿದ್ದರು. ಸೌಟು ಹಿಡಿದುಕೊಂಡೇ ಓಡಿದೆ.

ಮಾವನವರು ಕುರ್ಚಿಯಿಂದ ಅರ್ಧ ಎದ್ದಿದ್ದರು. ಎಡಗೈಯ ತೋರುಬೆರಳು ಅತ್ತೆಯ ಸೊಂಟದ ಕಡೆ ನೆಟ್ಟಿತ್ತು. ಅಲ್ಲಿ ಬೀಗದ ಕೈ ಗೊಂಚಲಿನ ಪಕ್ಕ ಇಸ್ಪೀಟಿನ ಎಕ್ಕವೊಂದು ಅರ್ಧ ಇಣುಕುತ್ತಿತ್ತು. ನಸೀಮಾ ಆಪಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು, ಕಣ್ಣಲ್ಲಿ ನೀರು. ಆ ಮಾತು ಎಲ್ಲಿಂದ ಬಂತೆಂದು ಎಲ್ಲರಿಗಿಂತ ಹೆಚ್ಚು ಬೆರಗಾಗಿದ್ದವರು ಮಾವನವರೇ. ತಮ್ಮ ತುಟಿಯನ್ನು ತಾವೇ ಮುಟ್ಟಿ ನೋಡಿಕೊಂಡರು.

ಅತ್ತೆ ಅಲುಗಲಿಲ್ಲ. "ಏನಂದ್ರಿ? ಕೇಳಿಸ್ಲಿಲ್ಲ" ಎಂದರು.

"ಕ... ಕಳ್ಳಿ!"

"ಯಾರು?"

ತೋರುಬೆರಳು ಇನ್ನೊಂದಿಷ್ಟು ಮುಂದೆ ಬಂತು. "ಕಳ್ಳಿ! ಕಳ್ಳಿ!"

"ಹೌದ್ರೀ, ನಾನೇ" ಎಂದು ಅತ್ತೆ ಎಕ್ಕವನ್ನು ಸೊಂಟದಿಂದ ತೆಗೆದು ಟೀಪಾಯಿಯ ಮೇಲಿಟ್ಟರು. ಎದ್ದು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದು ಬಂದು, ನನ್ನ ಕೈಯ ಸೌಟು ನೋಡಿ, "ಧನಿಯ ಸೀದೋಯ್ತು ಹೋಗಮ್ಮಾ" ಎಂದರು. ಸೀದೇ ಹೋಗಿತ್ತು! ಆ ಸಾರಿನ ಪುಡಿ ಮುಗಿಯುವ ತನಕ ಎಲ್ಲರೂ ಗೊಣಗದೆ ಉಂಡೆವು.

ಆ ಸಂಜೆ ನಮ್ಮ ಮನೆಯ ಫೋನು ಬಿಡುವಾಗಲಿಲ್ಲ. ಅಣ್ಣಂದಿರಿಗೆ, ಮಗಳಿಗೆ, ಯಲ್ದೂರಿನ ತಂಗಿಗೆ ಅತ್ತೆ ಒಬ್ಬೊಬ್ಬರಿಗೂ ಕೂಗಿ ಹೇಳಿದರು. "ಏಯ್, ಕೇಳಿಸ್ಕೊಂಡ್ಯಾ? ನಮ್ಮೆಜಮಾನ್ರು ನನ್ನ ಕಳ್ಳಿ ಅಂದ್ರು ಕಣೇ! ಹೂಂ, ಎಲ್ಲಾರ ಮುಂದೇನೇ ಅಂದ್ರು!" ಗಂಡ ಕಳ್ಳಿ ಎಂದದ್ದಕ್ಕೆ ಬೀದಿಗೆಲ್ಲ ಸಜ್ಜಪ್ಪ ಕರಿದು ಹಂಚಿದ ಹೆಂಗಸನ್ನು ನೀವು ಇನ್ನೆಲ್ಲಾದರೂ ಕಂಡಿದ್ದೀರಾ?

ಮಾತು ಕಲಿಸುವ ಹುಡುಗಿಯನ್ನು ಮತ್ತೆ ಕರೆಸಿದೆವು. ಸಿಟ್ಟಿನಲ್ಲಿ ಕೆಲವು ಮಾತು ತಾನಾಗಿ ಬರುವುದುಂಟು, ಅದನ್ನು ಹಿಡಿದು ಮುಂದೆ ಹೋಗಬೇಕು, ಬಹಳ ಆಸೆ ಇಟ್ಟುಕೊಳ್ಳಬೇಡಿ ಎಂದಳು. ಆನೆಯ ಚಿತ್ರಗಳನ್ನು ಬದಿಗಿಟ್ಟು ಟೀಪಾಯಿಯ ಹತ್ತಿರ ಅವಳೂ ಕುಳಿತಳು. ರಾಜ, ರಾಣಿ, ಗುಲಾಮ ಎಂದು ಹೇಳಿಸತೊಡಗಿದಳು. ಮಾವನವರು ಗೋಡೆ ನೋಡಲಿಲ್ಲ. 'ನೀರು' ಬಂತು, 'ಸಾಕು' ಬಂತು. 'ತಪ್ಪು' ಎನ್ನುವ ಮಾತಂತೂ ಬಹಳ ಸಲೀಸಾಗಿ ಬಂತು. ಎಷ್ಟೆಂದರೂ ಮೇಷ್ಟ್ರು! ಉದ್ದದ ಮಾತು ಈಗಲೂ ಬರುವುದಿಲ್ಲ. ಬರಲಿಕ್ಕಿಲ್ಲ ಎಂದೇ ಡಾಕ್ಟರು ಹೇಳುತ್ತಾರೆ.

ಬೇಸಿಗೆ ರಜೆಗೆ ಮಗಳು ಬಂದಾಗ ಅಜ್ಜಿ ಇಡೀ ಕಥೆಯನ್ನು ಬಕ್ಕೋಡಿನ ಸಮೇತ ಹೇಳಿದರು. ಮಗಳು ಕೇಳಿ ಕಣ್ಣರಳಿಸಿದಳು.

"ಅಜ್ಜೀ, ಅದು ಹಂಗಲ್ಲ! ಅವ್ನು ಮೋಸ ಮಾಡೋದೇ ಇಲ್ಲ. ಆ ಮುದುಕ ಸುಮ್ಮನಿರೋದು ಅವನಿಗೆ ಹುಷಾರಿಲ್ಲ ಅಂತ. ಕೊನೇಗೆ ಬಾಯಿ ಬಿಡೋದು ಸಿಟ್ಟಿಗಲ್ಲ, ಡಾಕ್ಟ್ರನ್ನ ಕರೀರಿ ಅಂತಾನೆ!"

ಅತ್ತೆ ಅವಳನ್ನು ಕನಿಕರದಿಂದ ನೋಡಿದರು. "ಬರೆದೋನಿಗೆ ಸರಿಯಾಗಿ ಗೊತ್ತಿಲ್ಲ ಬಿಡಮ್ಮಾ" ಎಂದರು.

ಪೆನ್‌ಡ್ರೈವ್ ಮಗಳ ಜೊತೆ ವಾಪಸು ಹೋಯಿತು. ಆಟ ನಿಂತಿಲ್ಲ. ಮಾವನವರು ಈಗ ಎಷ್ಟು ಚೆನ್ನಾಗಿ ಆಡುತ್ತಾರೆಂದರೆ ಹುಣಸೆ ಬೀಜವೆಲ್ಲ ಅವರ ಕಡೆಯೇ ಗುಡ್ಡೆಯಾಗಿರುತ್ತದೆ. ಆದರೂ ಅತ್ತೆಯ ಕಳ್ಳತನ ಮಾತ್ರ ನಿಂತಿಲ್ಲ. ಮೊನ್ನೆ ಅಡುಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಾಗ ಅವರ ಸೆರಗಿನ ಗಂಟಿನಿಂದ ಒಂದು ಗುಲಾಮ ಈಳಿಗೆಮಣೆಯ ಮೇಲೆ ಬಿದ್ದ. ನನಗೆ ನಗು ತಡೆಯಲಾಗಲಿಲ್ಲ.

"ಅತ್ತೇ, ಮಾವ ಈಗ ಮಾತಾಡ್ತಾರಲ್ಲ. ಇನ್ನೂ ಯಾಕೆ ಈ ಮೋಸ? ನೆಟ್ಟಗೆ ಆಡಬಾರದಾ?"

ಅತ್ತೆ ಗುಲಾಮನನ್ನು ಎತ್ತಿ, ಸೆರಗಿನಲ್ಲಿ ಒರೆಸಿದರು.

"ಮದುವೆ ಆದಾಗಿಂದ ಇವ್ರು ನನ್ನ ಹೆಸರು ಹಿಡಿದು ಕರೆದೋರಲ್ಲಮ್ಮಾ. 'ಇವಳೇ' ಅಂತಿದ್ರು, 'ಎಲ್ಲಿ' ಅಂತಿದ್ರು. ಈಗ ಅದೂ ಬರಲ್ಲ. ಬೆಳಿಗ್ಗೆ ಎದ್ದರೆ ಕಳ್ಳಿ ಅಂತ ಕರೀತಾರೆ. ಕಾಫಿಗೂ ಕಳ್ಳಿ, ಕಾಲು ನೋವು ಅಂದ್ರೂ ಕಳ್ಳಿ. ನಾನು ಕದಿಯೋದು ಬಿಟ್ಟುಬಿಟ್ರೆ ಆಮೇಲೆ ಇವ್ರು ನನ್ನ ಏನಂತ ಕರೀಬೇಕು ಹೇಳು?"

ಹಾಲಿನಿಂದ ಆ ಒಡಕು ದನಿ ಬಂತು. ಅತ್ತೆ ಗುಲಾಮನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಬಂದೇರೀ" ಎನ್ನುತ್ತಾ ಓಡಿದರು.